‘ನಾವು’ ಅಂದವರು ಯಾರು?

ಸಿಟ್ಟಿನ ಹಾಡು ಕಟ್ಟೋದು ಸುಲಭ ಅಂತ ತಿಳಿದವರು ಬಹಳ ಜನ ಇದ್ದಾರೆ. ಗಂಟಲು ಗಟ್ಟಿಯಿದ್ದು ಎದುರಿಗೊಬ್ಬ ಶತ್ರು ಇದ್ದರೆ ಉಳಿದದ್ದು ತಾನಾಗಿ ಬರುತ್ತದೆ ಅನ್ನುವ ನಂಬಿಕೆ ಅವರದು. ಈ ನಂಬಿಕೆ ಎಷ್ಟು ಪೊಳ್ಳು ಅಂತ ಗೊತ್ತಾಗಬೇಕಾದರೆ ಇಂಗ್ಲೆಂಡಿನ ‘ದಿ ಕ್ಲ್ಯಾಶ್’ ಎಂಬ ಪಂಕ್ ತಂಡ 1985ರ ನವೆಂಬರಿನಲ್ಲಿ ಹೊರತಂದ ಕೊನೆಯ ಆಲ್ಬಮ್ ‘ಕಟ್ ದ ಕ್ರ್ಯಾಪ್’ ಕೇಳಬೇಕು. ‘ಸಾಕು ನಿಲ್ಲಿಸ್ರೋ ನಿಮ್ಮ ಬೊಗಳೆ’ ಅಂತ ಆ ಹೆಸರಿನ ಅರ್ಥ. ಹೆಸರಿನಲ್ಲಿ ಬೆಂಕಿ ಇದೆ. ಒಳಗೆ ಹೆಚ್ಚಿನದು ಹೊಗೆ.

ನಾನು ಸಂಗೀತಶಾಸ್ತ್ರ ಓದಿದವನಲ್ಲ. ಗಿಟಾರು ಮುಟ್ಟಿದವನೂ ಅಲ್ಲ. ಬಿಡುವಾದಾಗ ಕೇಳುವವನು ಅಷ್ಟೆ. ಪಂಕ್ ಸಂಗೀತ ನನ್ನಂಥವರಿಗೆ ಹಿಡಿಸುವುದೂ ಅದಕ್ಕೇ. ಮೂರು ಪಟ್ಟು ಕಲಿತವನು ಮರುದಿನವೇ ತನ್ನ ಹಾಡು ಹಾಡಬಹುದು, ಯಾವ ವಿದ್ವಾಂಸನ ಅಪ್ಪಣೆಯೂ ಬೇಡ ಅನ್ನುವ ಸಂಗೀತ ಅದು. ಆದ್ದರಿಂದ ಇದು ಪಂಡಿತನ ತೀರ್ಪಲ್ಲ, ಕೇಳುಗನ ತಕರಾರು.

ಕ್ಲ್ಯಾಶ್ ಹುಟ್ಟಿದ್ದು 1976ರ ಲಂಡನ್ನಿನಲ್ಲಿ. ಕೆಲಸವಿಲ್ಲದ ಹುಡುಗರು ನಿರುದ್ಯೋಗ ಭತ್ಯೆಗೆ ಸಾಲು ನಿಲ್ಲುತ್ತಿದ್ದ, ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷ ಬೀದಿಗಿಳಿದಿದ್ದ ಕಾಲ. ಆ ಆಗಸ್ಟಿನಲ್ಲಿ ನಾಟಿಂಗ್ ಹಿಲ್‌ನಲ್ಲಿ ಕೆರಿಬಿಯನ್ ಮೂಲದವರ ಹಬ್ಬದಂದು ಪೊಲೀಸರಿಗೂ ಕಪ್ಪು ಯುವಕರಿಗೂ ಹೊಡೆದಾಟವಾಯಿತು. ತಂಡದ ಜೋ ಸ್ಟ್ರಮ್ಮರ್, ಪಾಲ್ ಸಿಮೋನನ್ ಅಲ್ಲೇ ಇದ್ದರು. ಕಪ್ಪು ಜನ ಎದ್ದು ನಿಂತಿದ್ದಾರೆ, ಬಿಳಿಯ ಹುಡುಗರಾದ ನಾವ್ಯಾಕೆ ಬಾಯಿಮುಚ್ಚಿಕೊಂಡಿದ್ದೇವೆ ಅನ್ನುವ ಪ್ರಶ್ನೆಯಿಂದ ಅವರ ‘ವೈಟ್ ರಯಟ್’ ಹುಟ್ಟಿತು. 1977ರ ಮೊದಲ ಆಲ್ಬಮ್ಮಿನಲ್ಲಿ ಅದರ ಜೊತೆಗೇ ಜಮೈಕಾದ ಜೂನಿಯರ್ ಮರ್ವಿನ್ ಹಾಡಿದ್ದ ಒಂದು ರೆಗೇ ಹಾಡನ್ನೂ ತಮ್ಮ ಧಾಟಿಯಲ್ಲಿ ಹಾಡಿದರು. 1978ರ ಏಪ್ರಿಲ್ 30ರಂದು ಜನಾಂಗದ್ವೇಷದ ವಿರುದ್ಧ ವಿಕ್ಟೋರಿಯಾ ಪಾರ್ಕಿನಲ್ಲಿ ಸಾವಿರಾರು ಜನ ಸೇರಿದಾಗ ಅಲ್ಲಿಯೂ ಹಾಡಿದರು.

ಇವರೇನು ಅಪ್ಪಟ ಚಿನ್ನ ಅಂತ ನಾನು ಹೇಳುತ್ತಿಲ್ಲ. ಸ್ಟ್ರಮ್ಮರನ ತಂದೆ ವಿದೇಶಾಂಗ ಸೇವೆಯಲ್ಲಿದ್ದವರು, ಮಗ ಓದಿದ್ದು ಬೋರ್ಡಿಂಗ್ ಶಾಲೆಯಲ್ಲಿ. 1977ರಲ್ಲಿ ಸಿಬಿಎಸ್ ಕಂಪನಿಯ ಜೊತೆ ಒಂದು ಲಕ್ಷ ಪೌಂಡಿನ ಕರಾರಿಗೆ ಸಹಿ ಹಾಕಿದರು. ಬಂಡಾಯ ಅಲ್ಲಿಗೇ ಮುಗಿಯಿತು ಅಂದವರು ಆಗಲೂ ಇದ್ದರು. ಆದರೆ ಮುಂದೆ ನಡೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. 1979ರ ‘ಲಂಡನ್ ಕಾಲಿಂಗ್’ ಎರಡು ರೆಕಾರ್ಡುಗಳ ಆಲ್ಬಮ್, ಮಾರಿದ್ದು ಒಂದರ ಬೆಲೆಗೆ. 1980ರ ‘ಸ್ಯಾಂಡಿನಿಸ್ಟಾ!’ ಮೂರು ರೆಕಾರ್ಡು, 36 ಹಾಡು. ಅದನ್ನು ಅಗ್ಗವಾಗಿ ಕೊಡುವುದಕ್ಕೆ ತಮಗೆ ಬರಬೇಕಾದ ರಾಯಧನದ ಪಾಲನ್ನೇ ಬಿಟ್ಟುಕೊಟ್ಟರು. ಎಲ್ಲಿ ಹುಟ್ಟಿದರು ಅನ್ನುವುದು ಅವರ ಕೈಯಲ್ಲಿರಲಿಲ್ಲ. ಯಾರ ಪಕ್ಕ ನಿಲ್ಲಬೇಕು ಅನ್ನುವುದು ಕೈಯಲ್ಲಿತ್ತು, ನಿಂತರು.

ಹಾಗಿದ್ದರೆ ಕೊನೆಯ ಆಲ್ಬಮ್ ಯಾಕೆ ಹೀಗಾಯಿತು? 1982ರಲ್ಲಿ ಡ್ರಮ್ಮರ್ ಟಾಪರ್ ಹೆಡನ್‌ನನ್ನು ಹೆರಾಯಿನ್ ಚಟದ ಕಾರಣಕ್ಕೆ ಹೊರಗೆ ಹಾಕಿದರು. 1983ರಲ್ಲಿ ಮಿಕ್ ಜೋನ್ಸ್‌ನನ್ನೂ ಹೊರಗಟ್ಟಿದರು. ಸ್ಟ್ರಮ್ಮರನ ಬಾಯಲ್ಲಿ ಮಾತಿದ್ದರೆ ಜೋನ್ಸನ ಕೈಯಲ್ಲಿ ರಾಗವಿತ್ತು. ಮೂವರು ಹೊಸ ಹುಡುಗರು ವಾರದ ಸಂಬಳಕ್ಕೆ ಬಂದರು. ಚುಕ್ಕಾಣಿ ಹಿಡಿದದ್ದು ಮ್ಯಾನೇಜರ್ ಬರ್ನಿ ರೋಡ್ಸ್. ಈ ಆಲ್ಬಮ್ಮಿನ ಹಾಡುಗಳಿಗೆ ಸ್ಟ್ರಮ್ಮರನ ಜೊತೆ ಅವನದೂ ಹೆಸರಿದೆ. ನಿರ್ಮಾಪಕನ ಜಾಗದಲ್ಲಿ ‘ಹೋಸೆ ಉನಿದೋಸ್’ ಎಂಬ ಸುಳ್ಳು ಹೆಸರಿದೆ, ಅದರ ಹಿಂದಿದ್ದವನೂ ಅವನೇ.

ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹಾಡುವುದು ಮಾಲೀಕನ ವಿರುದ್ಧ, ಮನೆಯೊಳಗೆ ಒಬ್ಬ ಮಾಲೀಕ! ಆಲ್ಬಮ್ಮಿನ ತುಂಬ ಫುಟ್‌ಬಾಲ್ ಮೈದಾನದ ಗುಂಪಿನಂತೆ ಕೂಗುವ ಕೋರಸ್ ಇದೆ. ‘ನಾವು, ನಾವು’ ಅಂತ ಅಬ್ಬರ. ಆದರೆ ಈ ‘ನಾವು’ ಯಾರು ಅಂತ ಹುಡುಕಿದರೆ ಯಾರೂ ಸಿಗೋದಿಲ್ಲ. ‘ನಾವೇ ಕ್ಲ್ಯಾಶ್’ ಅಂತ ಸಾರುವುದಕ್ಕೇ ಒಂದು ಹಾಡು ಕಟ್ಟಿದ್ದಾರೆ. 1977ರಲ್ಲಿ ಅವರಿಗೆ ಇದನ್ನು ಹಾಡು ಕಟ್ಟಿ ಸಾರಬೇಕಾಗಿರಲಿಲ್ಲ, ಕೇಳಿದವನಿಗೆ ಗೊತ್ತಾಗುತ್ತಿತ್ತು. ತನ್ನ ಹೆಸರನ್ನು ತಾನೇ ಕೂಗಿಕೊಳ್ಳುವವನಿಗೆ ಒಳಗೊಳಗೇ ಅನುಮಾನ ಶುರುವಾಗಿದೆ ಅಂತಲೇ ಅರ್ಥ.

ಡ್ರಮ್ಮಿನ ಮಾತು. ಹೊಸ ಡ್ರಮ್ಮರ್ ಪೀಟ್ ಹೊವರ್ಡ್ ಕೈಯಿದ್ದ ಹುಡುಗ. ಅವನನ್ನು ಪಕ್ಕಕ್ಕೆ ಕೂರಿಸಿ ಹೆಚ್ಚಿನ ಹಾಡುಗಳಿಗೆ ಡ್ರಮ್ ಮಷೀನು ಬಳಸಿದರು. ತಮಟೆ ಬಡಿಯುವವನ ಕೈ ಸೋಲುತ್ತದೆ, ಮತ್ತೆ ಚೇತರಿಸಿಕೊಳ್ಳುತ್ತದೆ, ಕುಣಿಯುವವರನ್ನು ನೋಡಿ ಏರುತ್ತದೆ. ಈ ಆಲ್ಬಮ್ಮಿನ ಮಷೀನು ಯಾರನ್ನೂ ನೋಡುವುದಿಲ್ಲ. ಹಾಗಂತ ತಪ್ಪನ್ನು ಯಂತ್ರದ ತಲೆಗೆ ಕಟ್ಟುವಂತಿಲ್ಲ. ಅದೇ ನವೆಂಬರಿನಲ್ಲಿ ಹೊರಗಟ್ಟಿಸಿಕೊಂಡ ಜೋನ್ಸ್ ತನ್ನ ಹೊಸ ತಂಡ ‘ಬಿಗ್ ಆಡಿಯೋ ಡೈನಮೈಟ್’ನ ಮೊದಲ ಆಲ್ಬಮ್ ತಂದ. ಅಲ್ಲಿಯೂ ಡ್ರಮ್ ಮಷೀನಿದೆ, ಸಿನಿಮಾದ ಮಾತಿನ ತುಣುಕುಗಳಿವೆ. ಆದರೂ ಕೇಳುತ್ತಿದ್ದರೆ ಆಟವಾಡುವ ಮಕ್ಕಳ ಹುರುಪು. ಅಲ್ಲಿ ಯಂತ್ರ ಮನುಷ್ಯರ ಜೊತೆಗಾರ. ಇಲ್ಲಿ ಮನುಷ್ಯನನ್ನು ಎಬ್ಬಿಸಿ ಅವನ ಜಾಗದಲ್ಲಿ ಕೂತಿದೆ.

ಹನ್ನೆರಡು ಹಾಡುಗಳಲ್ಲಿ ಒಂದು ಮಾತ್ರ ನನ್ನನ್ನು ಬಿಡದೆ ಹಿಡಿದಿದೆ: ‘ದಿಸ್ ಈಸ್ ಇಂಗ್ಲೆಂಡ್’. ಅದೇ ಮಷೀನು, ಅದೇ ಕೋರಸ್. ಆದರೆ ಆ ಹಾಡಿನೊಳಗೆ ಒಬ್ಬ ಮನುಷ್ಯ ಇದ್ದಾನೆ, ಅವನು ನಡೆಯುವ ಬೀದಿ ಇದೆ, ಮೈ ಕೊರೆಯುವ ಚಳಿ ಇದೆ. 1982ರ ಫಾಕ್‌ಲೆಂಡ್ಸ್ ಯುದ್ಧದ ಗಾಳಿ, ನೆಲಕಚ್ಚಿದ ಕಾರ್ಖಾನೆಗಳ ನೆರಳು, ಪೊಲೀಸರ ಭಯ ಎಲ್ಲ ಅದರಲ್ಲಿವೆ. ಸ್ಟ್ರಮ್ಮರ್ ಅಲ್ಲಿ ಕೂಗುತ್ತಿಲ್ಲ, ಸೋತವನಂತೆ ದುಃಖಪಡುತ್ತಿದ್ದಾನೆ. ಆ ದುಃಖ ಉಳಿದ ಅಬ್ಬರಕ್ಕಿಂತ ದೊಡ್ಡ ಪ್ರತಿಭಟನೆಯಾಗಿ ಕೇಳಿಸುತ್ತದೆ.

ಇನ್ನೂ ಹೊಟ್ಟೆ ಉರಿಯುವ ಸಂಗತಿ ಬೇರೆ ಇದೆ. ಈ ಹೊಸ ತಂಡ ಜನರಿಂದ ದೂರ ಇತ್ತು ಅನ್ನುವಂತೆಯೂ ಇಲ್ಲ. 1984ರ ಮಾರ್ಚಿನಿಂದ ಒಂದು ವರ್ಷ ಬ್ರಿಟನ್ನಿನ ಗಣಿ ಕಾರ್ಮಿಕರು ಥ್ಯಾಚರ್ ಸರ್ಕಾರದ ವಿರುದ್ಧ ಮುಷ್ಕರ ಹೂಡಿದ್ದರು. ಆ ಡಿಸೆಂಬರಿನಲ್ಲಿ ಇದೇ ತಂಡ ಬ್ರಿಕ್ಸ್ಟನ್ನಿನಲ್ಲಿ ಎರಡು ರಾತ್ರಿ ಮುಷ್ಕರನಿರತರ ಸಹಾಯಕ್ಕಾಗಿ ಹಾಡಿತು. ಮುಷ್ಕರ ಸೋತ ಮೇಲೆ, 1985ರ ಮೇ ತಿಂಗಳಲ್ಲಿ, ಐವರೂ ಬರೀ ಸಾದಾ ಗಿಟಾರು ಹಿಡಿದು ನಾಟಿಂಗ್‌ಹ್ಯಾಮ್‌ನಿಂದ ಶುರುಮಾಡಿ ಲೀಡ್ಸ್, ನ್ಯೂಕಾಸಲ್, ಗ್ಲಾಸ್ಗೋವರೆಗೆ ಬೀದಿ ಬೀದಿಯಲ್ಲಿ ಹಾಡಿದರು. ವೇದಿಕೆ ಇಲ್ಲ, ಟಿಕೆಟ್ ಇಲ್ಲ, ಮೈಕಿಲ್ಲ. ಜನ ಸುತ್ತ ನಿಂತು ದನಿಗೂಡಿಸಿದರು. ನಿಜವಾದ ‘ನಾವು’ ಅಲ್ಲಿತ್ತು! ರೆಕಾರ್ಡಿಗೆ ಬಂದದ್ದು ಮಾತ್ರ ಸ್ಟುಡಿಯೋದಲ್ಲಿ ಜೋಡಿಸಿದ ನಕಲಿ ಗುಂಪು. ಬೀದಿಯಲ್ಲಿ ಸಿಕ್ಕದ್ದನ್ನು ಯಜಮಾನಿಕೆ ಒಳಗೆ ಬಿಡಲಿಲ್ಲ.

2013ರಲ್ಲಿ ಕ್ಲ್ಯಾಶ್ ಆಲ್ಬಮ್‌ಗಳನ್ನೆಲ್ಲ ಒಟ್ಟುಮಾಡಿ ‘ಸೌಂಡ್ ಸಿಸ್ಟಂ’ ಎಂಬ ದೊಡ್ಡ ಪೆಟ್ಟಿಗೆ ತಂದಾಗ ಈ ಆಲ್ಬಮ್ಮನ್ನು ಅದರಿಂದ ಕೈಬಿಟ್ಟರು. ಅದನ್ನೂ ನಾನು ಒಪ್ಪಲಾರೆ. ಕೆಟ್ಟದ್ದನ್ನು ಮುಚ್ಚಿಟ್ಟರೆ ಅದು ಯಾಕೆ ಕೆಟ್ಟಿತು ಅಂತ ತಿಳಿಯುವ ದಾರಿಯೂ ಮುಚ್ಚುತ್ತದೆ. ಜೊತೆಗೆ ಒಂದು ಒಳ್ಳೆಯ ಹಾಡೂ ಮಣ್ಣುಪಾಲಾಗುತ್ತದೆ.

ಸ್ಟ್ರಮ್ಮರ್ ಮರುವರ್ಷವೇ ಜೋನ್ಸನ ಬಳಿ ಹೋಗಿ ಅವನ ಎರಡನೇ ಆಲ್ಬಮ್ಮಿಗೆ ಜೊತೆಯಾಗಿ ಹಾಡು ಬರೆದ. 2002ರ ನವೆಂಬರ್ 15ರಂದು ಲಂಡನ್ನಿನ ಆಕ್ಟನ್‌ನಲ್ಲಿ, ಮುಷ್ಕರ ಹೂಡಿದ್ದ ಅಗ್ನಿಶಾಮಕ ಸಿಬ್ಬಂದಿಯ ಸಹಾಯಕ್ಕೆ ಅವನು ತನ್ನ ಬೇರೊಂದು ತಂಡದ ಜೊತೆ ಹಾಡುತ್ತಿದ್ದಾಗ, ಕೇಳಲು ಬಂದಿದ್ದ ಜೋನ್ಸ್ ತಾನಾಗಿ ವೇದಿಕೆ ಹತ್ತಿ ಗಿಟಾರು ಹಿಡಿದ. ತಿಂಗಳು ಕಳೆದು, ಡಿಸೆಂಬರ್ 22ರಂದು, ಸ್ಟ್ರಮ್ಮರ್ ತೀರಿಕೊಂಡ.

ಹಾಡು ಕಟ್ಟುವ ಹುಡುಗರು, ಹುಡುಗಿಯರು ‘ಕಟ್ ದ ಕ್ರ್ಯಾಪ್’ ಒಂದು ಸಲ ಪೂರ್ತಿ ಕೇಳಬೇಕು. ಆಮೇಲೆ ತಮ್ಮ ತಂಡದ ಕಡೆ ತಿರುಗಿ ನೋಡಬೇಕು: ‘ನಾವು’ ಅಂತ ಹಾಡುವಾಗ ಪಕ್ಕದಲ್ಲಿ ವಾದ್ಯ ಹಿಡಿದು ಕೂತವನ ಮಾತಿಗೆ ಅಲ್ಲಿ ಜಾಗ ಇದೆಯೋ ಇಲ್ಲವೋ?