ಮೂವತ್ತು ಸಾಲಿನ ಜಾಣತನ

ಕಾಫಿ ಆರುವ ಮೊದಲು ಓದಿ ಮುಗಿಸಬಹುದಾದ ಲೈಬ್ರರಿ ಕಂಡರೆ ನನಗೆ ಪ್ರೀತಿ ಜಾಸ್ತಿ. ಈ ವಾರದ್ದು ಅದೇ ಜಾತಿಯದು: ಸರ್ವರ್‌ಲೆಸ್ ಆ್ಯಪ್‌ನಲ್ಲಿ ಮೊಂಗೋಡಿಬಿಯ ಕಲೆಕ್ಷನ್ ತೆಗೆದುಕೊಡುವ ಹೆಲ್ಪರ್. ಇಂಥದ್ದೊಂದು ಬಹುಪಾಲು ತಂಡಗಳಲ್ಲಿ ಇರುತ್ತದೆ. ಚೆನ್ನಾಗಿರುವುದು ಮಾತ್ರ ಅಪರೂಪ.

2014ರಲ್ಲಿ ಎಡಬ್ಲ್ಯುಎಸ್ ಲ್ಯಾಂಬ್ಡಾ ಬಂದು ಸರ್ವರ್ ಕಾಯುವ ತಲೆನೋವು ತಪ್ಪಿಸಿತು. ಆ ತಲೆನೋವು ಡೇಟಾಬೇಸಿಗೆ ಅಂಟಿಕೊಂಡಿತು. ಜನ ನುಗ್ಗಿದಷ್ಟೂ ಲ್ಯಾಂಬ್ಡಾ ಹೊಸ ಇನ್‌ಸ್ಟೆನ್ಸ್ ಎಬ್ಬಿಸುತ್ತದೆ. ಒಂದು ರೀಜನ್‌ನಲ್ಲಿ ಒಂದು ಅಕೌಂಟಿಗೆ ಸಾಮಾನ್ಯ ಮಿತಿ ಏಕಕಾಲಕ್ಕೆ 1000. ಮೊಂಗೋಡಿಬಿಯ ಕ್ಲೌಡ್ ಸೇವೆಯಾದ ಅಟ್ಲಾಸ್‌ನ ಉಚಿತ ಕ್ಲಸ್ಟರ್ ತಾಳುವುದು 500 ಕನೆಕ್ಷನ್. ಇತ್ತ ನೋಡ್ ಡ್ರೈವರಿಗೆ ನಾವು ಏನೂ ಹೇಳದಿದ್ದರೆ ಒಂದೊಂದು ಕ್ಲೈಂಟಿನ ಕನೆಕ್ಷನ್ ಪೂಲೂ 100ರವರೆಗೆ ಹಿಗ್ಗಬಹುದು. ಲೆಕ್ಕ ನೀವೇ ಹಾಕಿ.

ಹಾಗಾಗಿ ಕ್ಲೈಂಟನ್ನು ಹ್ಯಾಂಡ್ಲರ್‌ನ ಹೊರಗೆ ಇಟ್ಟುಕೊಳ್ಳಬೇಕು. ಮುಂದಿನ ರಿಕ್ವೆಸ್ಟಿಗೆ ಅದೇ ಇನ್‌ಸ್ಟೆನ್ಸ್ ಎದ್ದರೆ ಹಳೆಯ ಕನೆಕ್ಷನ್ನೇ ಸಿಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಸೊಗಸು ಇರುವುದು ಇದರ ಮುಂದೆ. ಬಹಳ ಜನ ಕನೆಕ್ಟ್ ಆದ ಮೇಲೆ ಸಿಕ್ಕ ಕ್ಲೈಂಟನ್ನು ಕ್ಯಾಶ್ ಮಾಡುತ್ತಾರೆ. ಒಂದೇ ರಿಕ್ವೆಸ್ಟಿನಲ್ಲಿ ಪ್ರಾಮಿಸ್ ಡಾಟ್ ಆಲ್ ಹಾಕಿ ಯೂಸರ್ಸ್, ಆರ್ಡರ್ಸ್ ಎರಡನ್ನೂ ಒಟ್ಟಿಗೆ ಕೇಳಿ ನೋಡಿ. ಮೊದಲನೆಯದು ಇನ್ನೂ ಕನೆಕ್ಟ್ ಆಗುತ್ತಿರುತ್ತದೆ, ಅಷ್ಟರಲ್ಲಿ ಎರಡನೆಯದು ಕ್ಯಾಶ್ ಖಾಲಿ ಎಂದುಕೊಂಡು ಇನ್ನೊಂದು ಕ್ಲೈಂಟ್ ತೆರೆದುಬಿಡುತ್ತದೆ. ಒಂದು ಪೂಲ್ ಅನಾಥ! ಬಲ್ಲವರು ಬರೆದ ಹೆಲ್ಪರ್ ಕನೆಕ್ಟ್ ಕೊಟ್ಟ ಪ್ರಾಮಿಸನ್ನೇ ಇಟ್ಟುಕೊಳ್ಳುತ್ತದೆ. ಇಬ್ಬರೂ ಅದಕ್ಕೇ ಕಾಯುತ್ತಾರೆ. ಇನ್ನೂ ಬಲ್ಲವರದ್ದು, ಆ ಪ್ರಾಮಿಸ್ ರಿಜೆಕ್ಟ್ ಆದರೆ ಕ್ಯಾಶ್‌ನಿಂದ ಕಿತ್ತುಹಾಕುತ್ತದೆ. ಹಾಗೆ ಕಿತ್ತುಹಾಕುವ ಕ್ಯಾಚ್ ಸಾಲು ಇಲ್ಲದಿದ್ದರೆ ನೆಟ್‌ವರ್ಕ್ ಒಮ್ಮೆ ಎಡವಿದ ತಪ್ಪಿಗೆ, ಆ ಇನ್‌ಸ್ಟೆನ್ಸ್ ಸಾಯುವ ತನಕ ಬಂದವರಿಗೆಲ್ಲ ಅದೇ ಎರರ್. ಯಾವ ಹೆಲ್ಪರ್ ತೆರೆದರೂ ನನ್ನ ಕಣ್ಣು ಮೊದಲು ಹುಡುಕುವುದು ಈ ಸಾಲನ್ನೇ.

ಮೊಂಗೋದಲ್ಲಿ ಇನ್ನೊಂದು ಕಳ್ಳದಾರಿ ಇದೆ. ಕಲೆಕ್ಷನ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಹುಡುಕಿದಾಗ ಖಾಲಿ ಅರೇ ಬರುತ್ತದೆ, ಇನ್ಸರ್ಟ್ ಮಾಡಿದಾಗ ತೆಪ್ಪಗೆ ಹೊಸ ಕಲೆಕ್ಷನ್ ಹುಟ್ಟುತ್ತದೆ. ಹೆಸರುಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟು, ಪಟ್ಟಿಯಲ್ಲಿಲ್ಲದ್ದನ್ನು ಕೇಳಿದರೆ ಗದರುವ ಹೆಲ್ಪರ್‌ಗೆ ನನ್ನ ಪೂರ್ತಿ ಅಂಕ.

ಅಷ್ಟು ಮಾಡಿ, ಡ್ರೈವರಿನ ಅಸಲಿ ಕಲೆಕ್ಷನ್ ಆಬ್ಜೆಕ್ಟನ್ನೇ ಕೊಟ್ಟು ಹೆಲ್ಪರ್ ಪಕ್ಕಕ್ಕೆ ಸರಿಯಬೇಕು. ಫೈಂಡ್, ಅಪ್‌ಡೇಟ್‌ಗಳಿಗೆಲ್ಲ ಸ್ವಂತ ಹೊದಿಕೆ ಹೊಲಿದವು ನನಗೆ ಸೇರುವುದಿಲ್ಲ. ಅಗ್ರಿಗೇಷನ್ ಬೇಕಾದ ದಿನ ಆ ಹೊದಿಕೆಯನ್ನೇ ಹರಿಯಬೇಕಾಗುತ್ತದೆ.

2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜ್ ಎನ್‌ಪಿಎಂನಿಂದ ಮಾಯವಾಗಿ ಎಷ್ಟೋ ಕಡೆ ಬಿಲ್ಡ್ ನಿಂತುಹೋಗಿದ್ದವು. ಹಾಗಾಗಿ ಇಷ್ಟು ಚಿಕ್ಕ ಹೆಲ್ಪರನ್ನು ಇನ್‌ಸ್ಟಾಲ್ ಮಾಡುವುದಕ್ಕಿಂತ, ಲೈಸೆನ್ಸ್ ನೋಡಿಕೊಂಡು, ಓದಿ, ನಿಮ್ಮ ರೆಪೋಗೇ ಎತ್ತಿಕೊಳ್ಳಿ. ಹಾಗೇ ಮ್ಯಾಕ್ಸ್‌ಪೂಲ್‌ಸೈಜ್ ಇಳಿಸಿ: ಲ್ಯಾಂಬ್ಡಾ ಇನ್‌ಸ್ಟೆನ್ಸ್ ಸಾಮಾನ್ಯವಾಗಿ ಒಮ್ಮೆಗೆ ನೋಡುವುದು ಒಂದೇ ರಿಕ್ವೆಸ್ಟ್, ಅದಕ್ಕೆ ನೂರು ಕನೆಕ್ಷನ್ ಯಾಕೆ?