ಸಾಕ್ಷ್ಯವಾಗಿ ನಿಂತ ಸಂಖ್ಯೆ: ರಣಜಿತ್ ಚಕ್ರವರ್ತಿಯವರ ಸಂಶೋಧನೆಯ ಒಂದು ವಿಮರ್ಶೆ

1

ವಿಜ್ಞಾನಿಯೊಬ್ಬನ ಬಾಳಿನ ದುಡಿಮೆಗೆ ಬೆಲೆ ಕಟ್ಟುವಾಗ ಆತನು ಪ್ರಕಟಿಸಿದ ಪ್ರಬಂಧಗಳನ್ನು ಎಣಿಸಿದರೆ ಸಾಲದು. ಆತನು ಕೈಗೆತ್ತಿಕೊಂಡ ಪ್ರಶ್ನೆ ಯಾವುದು, ಅದಕ್ಕೆ ಕೊಟ್ಟ ಉತ್ತರ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ನಿಲ್ಲದು ಎಂಬುದನ್ನು ನೋಡತಕ್ಕದ್ದು. ಈ ದೃಷ್ಟಿಯಿಂದ ರಣಜಿತ್ ಚಕ್ರವರ್ತಿಯವರ (1946–2018) ಸಂಶೋಧನೆ ನಮ್ಮ ಅಧ್ಯಾಪಕರೂ ವಿದ್ಯಾರ್ಥಿಗಳೂ ಗಮನವಿಟ್ಟು ಓದಬೇಕಾದ ವಿಷಯ. ಅವರು ಜನಸಮುದಾಯಗಳ ತಳಿವಿಜ್ಞಾನದಲ್ಲಿ ಆರಂಭಿಸಿ ನ್ಯಾಯಾಲಯದ ಸಾಕ್ಷ್ಯದವರೆಗೆ ಬಂದವರು. ಅವರ ಲೆಕ್ಕದ ಕೊನೆಯಲ್ಲಿ ಒಬ್ಬ ಮನುಷ್ಯನ ಬಿಡುಗಡೆ ಅಥವಾ ಸೆರೆವಾಸ ನಿಂತಿರುತ್ತದೆ.

ಚಕ್ರವರ್ತಿಯವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ತರಬೇತಿ ಪಡೆದವರು. ಮನುಷ್ಯ ಸಮುದಾಯಗಳ ನಡುವಣ ಅಂತರವನ್ನು ಅಳೆಯುವ ವಿದ್ಯೆ ಆ ಸಂಸ್ಥೆಯಲ್ಲಿ ಹುಟ್ಟಿನಿಂದಲೇ ಇತ್ತು. ಮಹಲನೋಬಿಸ್, ಮಜುಮ್‌ದಾರ್ ಮತ್ತು ಸಿ. ಆರ್. ರಾವ್ ಅವರು ಸಂಯುಕ್ತ ಪ್ರಾಂತದ ಜನರ ದೇಹಮಾಪನಗಳನ್ನು ವಿಶ್ಲೇಷಿಸಿದ ವರದಿ 1949ರಲ್ಲಿ ಹೊರಬಂದಿತು. ಈ ರಾವ್ ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಸೀಮೆಗೆ ದೂರವಲ್ಲದ ಹೂವಿನಹಡಗಲಿಯಲ್ಲಿ, ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಮುಂದೆ ರಾವ್ ಮತ್ತು ಚಕ್ರವರ್ತಿಯವರು ಜೊತೆಯಾಗಿ ಸಂಪಾದಿಸಿದ, ಜೀವವಿಜ್ಞಾನ ಮತ್ತು ವೈದ್ಯವಿಜ್ಞಾನಗಳ ಸಂಖ್ಯಾವಿಧಾನಗಳನ್ನು ಕುರಿತ ಕೈಪಿಡಿ 1991ರಲ್ಲಿ ಪ್ರಕಟವಾಯಿತು. ಚಕ್ರವರ್ತಿಯವರ ವೃತ್ತಿಜೀವನದ ಹೆಚ್ಚು ಭಾಗ ಅಮೆರಿಕದಲ್ಲಿ, ಹ್ಯೂಸ್ಟನ್, ಸಿನ್ಸಿನಾಟಿ ಮತ್ತು ಫೋರ್ಟ್ ವರ್ತ್ ನಗರಗಳಲ್ಲಿ, ಕಳೆಯಿತು.

2

ಅವರ ಮೊದಲ ಘಟ್ಟದ ಕೆಲಸಗಳಲ್ಲಿ ಮುಖ್ಯವಾದದ್ದು ನೇಯಿ ಮತ್ತು ಮರುಯಾಮ ಅವರೊಡನೆ 1975ರಲ್ಲಿ ಪ್ರಕಟಿಸಿದ ಪ್ರಬಂಧ. ಒಂದು ಸಮುದಾಯದ ಜನಸಂಖ್ಯೆ ಒಮ್ಮೆ ತೀರ ಕುಗ್ಗಿ ಮತ್ತೆ ಬೆಳೆದರೆ ಅದರೊಳಗಿನ ತಳಿವೈವಿಧ್ಯಕ್ಕೆ ಏನಾಗುತ್ತದೆ ಎಂಬುದು ಅಲ್ಲಿಯ ಪ್ರಶ್ನೆ. ನಷ್ಟವು ಉಳಿದವರ ಸಂಖ್ಯೆಯನ್ನು ಮಾತ್ರವಲ್ಲ, ಅನಂತರದ ಬೆಳವಣಿಗೆಯ ವೇಗವನ್ನೂ ಅವಲಂಬಿಸುತ್ತದೆ ಎಂದು ಅವರು ತೋರಿಸಿದರು. ಬೆಳವಣಿಗೆ ಶೀಘ್ರವಾದರೆ ಸರಾಸರಿ ವೈವಿಧ್ಯ ಹೆಚ್ಚು ಕುಂದದು. ಆದರೆ ವಿರಳವಾದ ಜೀನು ರೂಪಗಳು ಬಹುಮಟ್ಟಿಗೆ ಕಳೆದುಹೋಗುತ್ತವೆ.

ಈ ನಿರ್ಣಯದ ಮಹತ್ವ ನಮ್ಮ ದೇಶದಲ್ಲಿ ಬಹಳ ತಡವಾಗಿ ಬೆಳಗಿತು. ಭಾರತದ ಅನೇಕ ಸಮುದಾಯಗಳು ಕೆಲವೇ ಪೂರ್ವಜರಿಂದ ಬಂದು, ತಮ್ಮೊಳಗೇ ಮದುವೆಯಾಗುತ್ತ ಬೆಳೆದಿವೆಯೆಂದು 2009ರಲ್ಲಿ ಹೈದರಾಬಾದಿನ ಮತ್ತು ಅಮೆರಿಕದ ವಿಜ್ಞಾನಿಗಳು ಕೂಡಿ ತೋರಿಸಿದರು. ದಕ್ಷಿಣ ಏಷ್ಯದ 260ಕ್ಕೂ ಹೆಚ್ಚು ಗುಂಪುಗಳನ್ನು ಪರೀಕ್ಷಿಸಿದ 2017ರ ಅಧ್ಯಯನದಲ್ಲಿ 81 ಗುಂಪುಗಳ ಇಂತಹ ಇಕ್ಕಟ್ಟು ಫಿನ್ಲೆಂಡಿನ ಜನರದಕ್ಕಿಂತಲೂ ತೀವ್ರವಾಗಿದ್ದುದು ಕಂಡುಬಂದಿತು. ಅವುಗಳಲ್ಲಿ ಕೆಲವು ಹತ್ತು ಲಕ್ಷಕ್ಕೂ ಮಿಕ್ಕ ಜನರುಳ್ಳವು. ಜನಬಲ ದೊಡ್ಡದಾದ ಮಾತ್ರಕ್ಕೆ ತಳಿಯ ಬುಡ ಅಗಲವಾಗಿರಬೇಕಾಗಿಲ್ಲವೆಂಬುದು ಇದರಿಂದ ಸ್ಪಷ್ಟ.

3

ಚಕ್ರವರ್ತಿಯವರ ಹೆಸರು ಹೆಚ್ಚು ಪ್ರಸಿದ್ಧವಾದದ್ದು ಎರಡನೆಯ ಘಟ್ಟದಲ್ಲಿ. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಡಿ.ಎನ್.ಎ. ಬೆರಳಚ್ಚಿನ ವಿಧಾನವನ್ನು ಕಂಡುಹಿಡಿದ ಮೇಲೆ ಅದು ಬೇಗನೆ ನ್ಯಾಯಾಲಯವನ್ನು ಪ್ರವೇಶಿಸಿತು. ಸ್ಥಳದಲ್ಲಿ ದೊರೆತ ರಕ್ತದ ಗುರುತೂ ಆರೋಪಿಯ ಗುರುತೂ ಒಂದೇ ಎಂದು ತಜ್ಞನು ಹೇಳಿದರೆ ಸಾಲದು. ಆ ಗುರುತು ಬೇರೊಬ್ಬನಲ್ಲಿಯೂ ಇರುವ ಸಂಭವ ಎಷ್ಟು ಎಂಬುದನ್ನೂ ಹೇಳಬೇಕು. ಇದಕ್ಕಾಗಿ ಒಂದೊಂದು ಸ್ಥಾನದ ಸಂಭವವನ್ನು ಇನ್ನೊಂದರೊಡನೆ ಗುಣಿಸುತ್ತ ಹೋಗುವ ಗುಣಾಕಾರ ನಿಯಮ ಬಳಕೆಗೆ ಬಂದಿತು.

1991ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಬಂಧಗಳು ಎದುರುಬದುರಾಗಿ ನಿಂತವು. ಜನಾಂಗವೆಂದು ಕರೆಯುವ ಗುಂಪಿನೊಳಗೆ ಒಳಗುಂಪುಗಳಿರುವುದರಿಂದ ಗುಣಾಕಾರ ನಿಯಮ ನಂಬತಕ್ಕದ್ದಲ್ಲವೆಂದು ಲೆವೊಂಟಿನ್ ಮತ್ತು ಹಾರ್ಟ್ಲ್ ವಾದಿಸಿದರು. ಅಂತಹ ಭೇದ ಇರುವುದಾದರೂ ಅದರಿಂದ ಲೆಕ್ಕಕ್ಕೆ ಬರುವ ದೋಷ ಅಲ್ಪವೆಂದು ಚಕ್ರವರ್ತಿ ಮತ್ತು ಕಿಡ್ ಉತ್ತರಿಸಿದರು. ಮನುಷ್ಯರ ತಳಿವೈವಿಧ್ಯದಲ್ಲಿ ಶೇಕಡ 85ರಷ್ಟು ಒಂದೊಂದು ಸಮುದಾಯದ ಒಳಗೇ ಇದೆಯೆಂದು 1972ರಲ್ಲಿ ತೋರಿಸಿದವರು ಲೆವೊಂಟಿನ್ನರೇ. ಆ ಶೋಧ ಎದುರುಪಕ್ಷದ ಕೈಗೆ ಆಯುಧವಾದದ್ದು ಸ್ವಾರಸ್ಯದ ಸಂಗತಿ.

ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯ 1992ರ ವರದಿ ಲೆವೊಂಟಿನ್ ಪಕ್ಷದ ಭೀತಿಗೆ ಮಣಿದು ಒಂದು ಮೇಲ್ಮಿತಿ ನಿಯಮವನ್ನು ಸೂಚಿಸಿತು. 1996ರ ವರದಿ ಅದನ್ನು ಕೈಬಿಟ್ಟು, ಒಳಗುಂಪುಗಳ ಪರಿಣಾಮಕ್ಕೆ ಥೀಟಾ ಎಂಬ ಒಂದು ತಿದ್ದುಪಡಿಯನ್ನು ಕೊಟ್ಟಿತು, ಸಾಮಾನ್ಯವಾಗಿ 0.01, ಸಣ್ಣ ಪ್ರತ್ಯೇಕ ಸಮುದಾಯಗಳಿಗೆ 0.03. ಒಟ್ಟಿನಲ್ಲಿ ಚಕ್ರವರ್ತಿಯವರ ಪಕ್ಷ ಗೆದ್ದಿತೆಂದು ಹೇಳಬಹುದು. ಈ ನಡುವೆ, ಚಿಕ್ಕ ಪುನರಾವರ್ತನೆಗಳುಳ್ಳ ಐದು ಸ್ಥಾನಗಳನ್ನು ನಾಲ್ಕು ಜನಸಮುದಾಯಗಳಲ್ಲಿ ಅಳೆದು ಅವರೂ ಸಹೋದ್ಯೋಗಿಗಳೂ 1992ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿನ ಪರೀಕ್ಷಾಕ್ರಮಕ್ಕೆ ದಾರಿ ಮಾಡಿದ ಬರೆಹಗಳಲ್ಲೊಂದು. ಅಮೆರಿಕದ ಪಟ್ಟಿಯಲ್ಲಿ ಇಂತಹ ಸ್ಥಾನಗಳು 1997ರಲ್ಲಿ 13 ಆದವು, 2017ರಿಂದ 20.

4

ಗೆಲುವನ್ನು ಒಪ್ಪಿಕೊಂಡೂ ನಾವು ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಆ ವಾದ ನಡೆದದ್ದು ಅಮೆರಿಕದ ಜನಸಮುದಾಯಗಳನ್ನು ಮುಂದಿಟ್ಟುಕೊಂಡು. ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲುದಾರಿಯಲ್ಲಿರುವ, ಸವಣೂರು ತಾಲ್ಲೂಕಿನ ಯಲವಿಗಿಯಂತಹ ಊರಿನಲ್ಲಿ ಒಂದು ಅಪರಾಧ ನಡೆಯಿತೆಂದು ಭಾವಿಸೋಣ. ಇಂತಹ ಊರಿನ ಮನೆತನಗಳ ಕಳ್ಳುಬಳ್ಳಿ ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರು ಸೀಮೆಗಳವರೆಗೆ ಹಬ್ಬಿರುವುದು ಸಹಜ. ಕೊಟ್ಟು ತಂದ ಬಳಗದಲ್ಲೇ ಮತ್ತೆ ಕೊಟ್ಟು ತರುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ಕೊಡುವುದು, ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ನಮ್ಮ ನಾಡಿನ ಹಳೆಯ ವಾಡಿಕೆ. ಬೆಂಗಳೂರು ಮತ್ತು ಮೈಸೂರುಗಳಲ್ಲಿ 1980ರ ದಶಕದಲ್ಲಿ ಅಪ್ಪಾಜಿ ರಾವ್, ಬಿಟ್ಲ್ಸ್ ಮೊದಲಾದವರು ನಡೆಸಿದ ಅಧ್ಯಯನಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಮದುವೆಗಳು ರಕ್ತಸಂಬಂಧದಲ್ಲಿಯೇ ಆದುವೆಂದು ತಿಳಿದುಬಂದಿತು. ಸೋದರಮಾವ–ಅಕ್ಕನ ಮಗಳ ಸಂತಾನದಲ್ಲಿ ಒಳಸಂಬಂಧದ ಗುಣಾಂಕ ಎಂಟರಲ್ಲಿ ಒಂದು. ಅತ್ತೆ–ಮಾವಂದಿರ ಮಕ್ಕಳ ಸಂತಾನದಲ್ಲಿ ಹದಿನಾರರಲ್ಲಿ ಒಂದು.

ಲೆಕ್ಕವನ್ನು ಮಾಡಿಯೇ ನೋಡೋಣ. ಹತ್ತು ಸ್ಥಾನಗಳಿವೆಯೆಂದೂ, ಪ್ರತಿಯೊಂದರಲ್ಲಿಯೂ ಆರೋಪಿಗೆ ಎರಡು ಬೇರೆ ಬೇರೆ ರೂಪಗಳಿದ್ದು ಒಂದೊಂದರ ಆವರ್ತನ ಹತ್ತರಲ್ಲಿ ಒಂದೆಂದೂ ಇಟ್ಟುಕೊಂಡರೆ, ಸಂಬಂಧವಿಲ್ಲದ ಒಬ್ಬನು ಒಂದು ಸ್ಥಾನದಲ್ಲಿ ಹೊಂದುವ ಸಂಭವ 50ರಲ್ಲಿ 1. ಥೀಟಾ 0.03 ಎಂದು ತಿದ್ದಿದರೆ ಅದು ಸುಮಾರು 34ರಲ್ಲಿ 1 ಆಗುತ್ತದೆ. ಹತ್ತು ಸ್ಥಾನಗಳನ್ನು ಗುಣಿಸಿದಾಗ ಎರಡು ಲೆಕ್ಕಗಳ ನಡುವಣ ವ್ಯತ್ಯಾಸ ಸುಮಾರು 50 ಪಟ್ಟು. ಆದರೆ ತಿದ್ದಿದ ಮೇಲೆಯೂ ಆ ಸಂಭವ ಕೋಟಿ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಇಲ್ಲಿಯವರೆಗೆ ಚಕ್ರವರ್ತಿಯವರ ಮಾತು ನಿಲ್ಲುತ್ತದೆ. ಒಳಗುಂಪಿನ ಭೇದ ತೀರ್ಪನ್ನು ಬದಲಿಸದು.

ಈಗ ಆರೋಪಿಯ ಒಡಹುಟ್ಟಿದ ಅಣ್ಣನೋ ತಮ್ಮನೋ ಆ ಊರಿನಲ್ಲಿದ್ದಾನೆ ಎಂದುಕೊಳ್ಳೋಣ. ಆತನು ಒಂದು ಸ್ಥಾನದಲ್ಲಿ ಹೊಂದುವ ಸಂಭವ ನೂರಕ್ಕೆ ಮೂವತ್ತಕ್ಕೂ ಸ್ವಲ್ಪ ಹೆಚ್ಚು. ಹತ್ತು ಸ್ಥಾನಗಳಲ್ಲಿ ಹೊಂದುವ ಸಂಭವ ಸುಮಾರು 1 ಲಕ್ಷ 43 ಸಾವಿರದಲ್ಲಿ ಒಂದು. ಲಕ್ಷದಲ್ಲಿ ಒಂದೆಂಬುದೂ ಸಣ್ಣ ಸಂಖ್ಯೆಯೇ. ಆದರೆ ಕೋಟಿ ಕೋಟಿಯಲ್ಲಿ ಒಂದೆಂದು ನ್ಯಾಯಾಧೀಶರ ಮುಂದೆ ನುಡಿಯುವುದಕ್ಕೂ ಲಕ್ಷದಲ್ಲಿ ಒಂದೆಂದು ನುಡಿಯುವುದಕ್ಕೂ ಇರುವ ಅಂತರ ಅಗಾಧ. ರಕ್ತದ ಮಾದರಿ ಕೆಟ್ಟು ಹತ್ತರ ಬದಲು ನಾಲ್ಕೇ ಸ್ಥಾನಗಳು ಓದಲು ಸಿಕ್ಕಿದರೆ, ಅಣ್ಣತಮ್ಮಂದಿರ ವಿಷಯದಲ್ಲಿ ಆ ಸಂಭವ ಸುಮಾರು 115ರಲ್ಲಿ ಒಂದಕ್ಕೆ ಇಳಿಯುತ್ತದೆ. ಆಗ ನಿರಪರಾಧಿ ಸಿಕ್ಕಿಬೀಳುವ ಭಯ ಕಲ್ಪನೆಯದಲ್ಲ.

5

ಆದುದರಿಂದ 1991ರ ವಾದದಲ್ಲಿ ಎರಡು ಪಕ್ಷಗಳೂ ಗುಂಪಿನ ಪ್ರಶ್ನೆಗೆ ಕೊಟ್ಟಷ್ಟು ಒತ್ತನ್ನು ಬಂಧುತ್ವದ ಪ್ರಶ್ನೆಗೆ ಕೊಡಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಅಮೆರಿಕದ ಮಹಾನಗರದಲ್ಲಿ ‘ಬೇರೊಬ್ಬ’ ಎಂದರೆ ಯಾರೋ ಅಪರಿಚಿತ. ನಮ್ಮ ಹಳ್ಳಿಯಲ್ಲಿ ‘ಬೇರೊಬ್ಬ’ ಎಂದರೆ ಬಹುಶಃ ದಾಯಾದಿ. ಇದು ಚಕ್ರವರ್ತಿಯವರ ಗಣಿತದ ದೋಷವಲ್ಲ. ಬಂಧುತ್ವವನ್ನು ಲೆಕ್ಕಕ್ಕೆ ತರುವ ಉಪಕರಣಗಳು ಅವರ ಶಾಸ್ತ್ರದಲ್ಲಿಯೇ ಇವೆ. ಒಂದು ದೇಶದಲ್ಲಿ ಗೆದ್ದ ವಾದವನ್ನು ಪರೀಕ್ಷಿಸದೆ ಇನ್ನೊಂದು ದೇಶಕ್ಕೆ ಹೊತ್ತು ತರುವವರ ದೋಷ ಅದು.

ನಮ್ಮಲ್ಲಿ ಡಿ.ಎನ್.ಎ. ಸಾಕ್ಷ್ಯವನ್ನು ನಿಯಂತ್ರಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿತವಾದ ಮಸೂದೆ 2023ರಲ್ಲಿ ಹಿಂತೆಗೆಯಲ್ಪಟ್ಟಿತು. ಹೀಗಿರುವಾಗ ತಜ್ಞನ ವರದಿಯ ಮೇಲೆಯೇ ಹೆಚ್ಚು ಭಾರ ಬೀಳುತ್ತದೆ. ಆ ವರದಿಯಲ್ಲಿ ಅಪರಿಚಿತನ ಸಂಭವದ ಪಕ್ಕದಲ್ಲಿ ಒಡಹುಟ್ಟಿದವನ ಸಂಭವವನ್ನೂ ಬರೆಯತಕ್ಕದ್ದು. ಸಾಧ್ಯವಾದಲ್ಲಿ ಅಣ್ಣತಮ್ಮಂದಿರ ಮಾದರಿಗಳನ್ನೂ ಪರೀಕ್ಷಿಸತಕ್ಕದ್ದು. ಯಾವ ಜನರ ಆವರ್ತನಗಳನ್ನು ಆಧರಿಸಿ ಲೆಕ್ಕ ಮಾಡಲಾಯಿತೆಂಬುದನ್ನು ತಿಳಿಸತಕ್ಕದ್ದು. ನಮ್ಮ ವಿದ್ಯಾರ್ಥಿಗಳು ವಂಶಾವಳಿಗಳನ್ನು ಸಂಗ್ರಹಿಸಿ ಇಂತಹ ಲೆಕ್ಕಗಳನ್ನು ಸ್ವತಃ ಮಾಡಿನೋಡಿದರೆ, ಚಕ್ರವರ್ತಿಯವರು ಹಾಕಿಕೊಟ್ಟ ದಾರಿಯಲ್ಲಿ ಅವರು ನಿಂತಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಟ್ಟಂತಾಗುವುದು.