ಗೆದ್ದ ಅಲ್ಲಮ, ನೊಂದ ಅಲ್ಲಮ

ರೋಣ-ಗಜೇಂದ್ರಗಡ ಸೀಮೆಯ ಮುಶಿಗೇರಿಯಂತಹ ಹಳ್ಳಿಗಳಲ್ಲಿ ಪುರಾಣ ಪ್ರವಚನ ಕೇಳಿ ಬೆಳೆದವರಿಗೆ ಅಲ್ಲಮಪ್ರಭುವೆಂದರೆ ಮಾಯೆಯನ್ನು ಗೆದ್ದ ಧೀರ. ಈ ಚಿತ್ರ 15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯದು. ಅದಕ್ಕಿಂತ ಸುಮಾರು ಎರಡು ಶತಮಾನ ಹಿಂದಿನ ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಬೇರೊಬ್ಬ ಅಲ್ಲಮನಿದ್ದಾನೆ. ವಿಷಯಾಸೆಯನ್ನು ತೊರೆದು ಮನಶ್ಶಾಂತಿ ಪಡೆಯುವುದೆಂದರೇನು ಎಂಬ ಪ್ರಶ್ನೆಗೆ ಈ ಎರಡು ಕೃತಿಗಳು ಭಿನ್ನ ಉತ್ತರಗಳನ್ನು ನೀಡುತ್ತವೆ.

ಚಾಮರಸನಲ್ಲಿ ಬನವಸೆಯ ರಾಜಕುವರಿ ಮಾಯೆ ಮೋಹಗೊಳ್ಳುತ್ತಾಳೆ. ಮದ್ದಳೆ ನುಡಿಸುವ ಅಲ್ಲಮ ಕೈಗೆ ಸಿಗದೆ ಜಾರುತ್ತಾನೆ. ಅವನಿಗೆ ಇದೆಲ್ಲ ಲೀಲೆ. ಪರಮತತ್ತ್ವದ ನಿರ್ಲಿಪ್ತತೆಯನ್ನು ತೋರುವ ಕವಿಯ ಉದ್ದೇಶ ಇಲ್ಲಿ ಸಫಲವಾಗಿದೆ. ಆದರೆ ಆಸೆಯ ಭಾರವೆಲ್ಲ ಹೆಣ್ಣಿನ ಮೇಲೆ ಬಿದ್ದಿದೆ. ಹೋರಾಟವನ್ನೇ ಅರಿಯದವನ ಶಾಂತಿ ಹೋರಾಡುವವನಿಗೆ ದಾರಿಯಾಗಲಾರದು.

ಹರಿಹರನ ಅಲ್ಲಮ ಕಾಮಲತೆಯನ್ನು ಒಲಿದು ಬಾಳಿದವನು. ಆಕೆ ತೀರಿಕೊಂಡಾಗ ಹುಚ್ಚನಂತೆ ಅಲೆಯುತ್ತಾನೆ. ತೋಟವೊಂದರಲ್ಲಿ ಕಾಲುಗುರಿನಿಂದ ನೆಲ ಕೆದಕುವಾಗ ಹೂತ ಗುಡಿಯ ಕಳಸ ಕಾಣುತ್ತದೆ. ಒಳಗೆ ಅನಿಮಿಷನ ಕೈಯಿಂದ ಲಿಂಗ ದೊರೆಯುತ್ತದೆ. ಇಲ್ಲಿ ಪ್ರೀತಿ ಬಲೆಯಲ್ಲ. ಅದರ ಗಾಯವೇ ಅಗೆಯುವ ಹಾರೆ. ಬರಿದಾದ ಕೈ ಬರಿದಾಗಿ ಉಳಿಯುವುದಿಲ್ಲ.

ಹರಿಹರನನ್ನು ಕ್ರೈಸ್ತನನ್ನಾಗಿಸುವುದು ನನ್ನ ಉದ್ದೇಶವಲ್ಲ. ಆದರೂ ಯೇಸುಸ್ವಾಮಿಯ ದೇಹ ಬರಿಯ ತೋರಿಕೆಯೆಂಬ ವಾದವನ್ನು ಆದಿ ಧರ್ಮಸಭೆ ತಿರಸ್ಕರಿಸಿದ್ದನ್ನು ಇಲ್ಲಿ ನೆನೆಯಬೇಕು. ಹಿಬ್ರಿಯರಿಗೆ ಬರೆದ ಪತ್ರವು ಅವರನ್ನು ನಮ್ಮಂತೆಯೇ ಶೋಧನೆಗೆ ಒಳಗಾದ, ಆದರೆ ಪಾಪವಿಲ್ಲದ ಪ್ರಧಾನಯಾಜಕರೆಂದು ಕರೆಯುತ್ತದೆ. ಮತ್ತಾಯನ ಶುಭಸಂದೇಶದ 12ನೆಯ ಅಧ್ಯಾಯದ ಸಾಮತಿಯೂ ಎಚ್ಚರಿಸುತ್ತದೆ: ಗುಡಿಸಿ ಖಾಲಿ ಬಿಟ್ಟ ಮನೆಗೆ ದುರಾತ್ಮ ಏಳು ಸಂಗಡಿಗರೊಂದಿಗೆ ಮರಳುತ್ತದೆ. 386ರಲ್ಲಿ ಮಿಲಾನಿನ ತೋಟದಲ್ಲಿ ಅತ್ತ ಸಂತ ಅಗಸ್ಟೀನರು ಪ್ರೀತಿಸುವುದನ್ನು ಬಿಡಲಿಲ್ಲ. ಅವರ ಪ್ರೀತಿಗೆ ಕ್ರಮ ದೊರಕಿತು.

ಗುರುಮಠಗಳಲ್ಲಿ ಬ್ರಹ್ಮಚರ್ಯವನ್ನು ಬೋಧಿಸುವ ನಾವು ಎಷ್ಟೋ ಸಲ ಚಾಮರಸನ ಅಲ್ಲಮನನ್ನೇ ಆದರ್ಶವಾಗಿ ನಿಲ್ಲಿಸುತ್ತೇವೆ. ಆಗ ಯುವಕ ತನ್ನ ಆಸೆಯನ್ನು ಒಪ್ಪಿಕೊಳ್ಳಲು ನಾಚುತ್ತಾನೆ, ಹೆಣ್ಣನ್ನು ಮಾಯೆಯೆಂದು ಶಂಕಿಸುತ್ತಾನೆ, ಮೌನವನ್ನೇ ಶಾಂತಿಯೆಂದು ಭ್ರಮಿಸುತ್ತಾನೆ. ಚಾಮರಸನನ್ನು ಧ್ಯಾನಕ್ಕೆ ಓದೋಣ; ಸಾಧನೆಗೆ ಹರಿಹರನನ್ನು ಓದೋಣ. ತ್ಯಾಗದ ಪಾಠಕ್ಕೆ ಮೊದಲು, ಯಾರ ಕೈಯಿಂದ ಏನನ್ನು ಪಡೆಯಲಿದ್ದೇವೆ ಎಂಬುದನ್ನು ಅವರಿಗೆ ತಿಳಿಸೋಣ.